ಒಂದು ಮುಚ್ಚಳದಷ್ಟು ಔಷಧಿ

ಮೆಡಿಕಲ್ ಶಾಪಿನ ಅಣ್ಣನಿಗೆ ನಮಸ್ಕಾರ.

ನಮ್ಮ ಮನೆಯವರು ಹೋದ ವಿಷಯ ನಿಮಗೆ ಗೊತ್ತಾಗಿರಬೇಕು. ಅವರಿಗೆಂದು ಎತ್ತಿಟ್ಟ ಮುಂದಿನ ತಿಂಗಳ ಮಾತ್ರೆಗಳನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಿ. ಮನೆಯಲ್ಲಿ ಉಳಿದಿದ್ದನ್ನೆಲ್ಲ ಒಂದು ಚೀಲಕ್ಕೆ ಹಾಕಿ ಪಕ್ಕದ ಮನೆ ಅಕ್ಕನ ಕೈಲಿ ಕಳಿಸಿದ್ದೇನೆ, ಹಳೇ ಔಷಧಿಯ ಡಬ್ಬಿಗೆ ಹಾಕಿಸಿ.

ಆ ಡಬ್ಬಿ ಇಡಿ ಅಂತ ನಿಮ್ಮ ಬೆನ್ನು ಬಿದ್ದವರು ಅವರೇ. ಅವರನ್ನು ಕಂಡರೆ ಸಾಕು, ‘ಹೊಳೆ ಕಾವಲುಗಾರ ಬಂದ’ ಅಂತ ನೀವು ಒಳಗೆ ಹೋಗಿ ಕೂರುತ್ತಿದ್ದಿರಂತೆ. ಕೊನೆಗೆ ನೀವು ಇಟ್ಟಾಗ ಜನ ದಾನದ ಡಬ್ಬಿ ಅಂದುಕೊಂಡು ಚಿಲ್ಲರೆ ಹಾಕಿದ್ದನ್ನು ಹೇಳಿ ಹೇಳಿ ನಗುತ್ತಿದ್ದರು.

ಚರಂಡಿ ನೀರು ಶುದ್ಧ ಮಾಡುವ ಘಟಕದಲ್ಲಿ ದುಡಿದವರು ನೋಡಿ, ಮನೆಯಲ್ಲೂ ಅದೇ ಪಾಠ. ನಾನು ಔಷಧಿ ಬಾಟಲಿ ಹಿಡಿದು ಸಿಂಕಿನ ಹತ್ತಿರ ಹೋದರೆ ಸಾಕು, ಹಾಸಿಗೆಯಿಂದಲೇ ಕೂಗುತ್ತಿದ್ದರು: “ಏಯ್, ಅಲ್ಲಿ ಸುರೀಬೇಡ ಕಣೇ! ನಮ್ಮ ಘಟಕದ ಜಾಲರಿ ಕಸ ಹಿಡಿಯುತ್ತೆ, ಔಷಧಿ ಹಿಡಿಯಲ್ಲ. ಅದು ಸೀದಾ ಹೊಳೆಗೆ ಹೋಗುತ್ತೆ.”

ಸೂಜಿಗಳನ್ನು ಬೇರೆ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿದ್ದೇನೆ. ಚೀಲವನ್ನು ಅಕ್ಕನ ಕೈಲೇ ವಾಪಸ್ ಕಳಿಸಿ. ಅದು ನಮ್ಮವರ ಊಟದ ಡಬ್ಬಿಯ ಚೀಲ, ನನಗೆ ಬೇಕು.

ಕೆಮ್ಮಿನ ಔಷಧಿಯ ಬಾಟಲಿ ಅಂಟಂಟಾಗಿದೆ, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ. ನಿನ್ನೆ ಬಂದವರೆಲ್ಲ ಹೊರಟ ಮೇಲೆ ನಾನು ಬೇಕಂತಲೇ ಒಂದು ಮುಚ್ಚಳದಷ್ಟು ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ. ಆಮೇಲೆ ನಲ್ಲಿ ನಿಲ್ಲಿಸಿ, ಅವರ ರೂಮಿನ ಕಡೆ ಕಿವಿಗೊಟ್ಟು ನಿಂತೆ.

ಯಾರೂ ಬೈಯಲಿಲ್ಲ.

ಇಂತಿ,
ಹೊಳೆ ಕಾವಲುಗಾರನ ಹೆಂಡತಿ