ಹಸಿರು ದೀಪ ಹೊತ್ತಿರಲಿಲ್ಲ

ಮಾರ್ಚ್ ೯, ಭಾನುವಾರ

ಮಧ್ಯಾಹ್ನ ಬೈಕನ್ನು ಮನೆಯವರೆಗೂ ನಾನೇ ಓಡಿಸಿದೆ! ನನ್ನ ಗಂಡ (ಹೀಗೆ ಬರೆಯುವುದೇ ಎಷ್ಟು ಚಂದ!) ಹಿಂದೆ ಕೂತು ಹೊಗಳಿದ್ದೇ ಹೊಗಳಿದ್ದು. ಗೇಟಿನ ಮುಂದೆ ನಿಲ್ಲಿಸಿದಾಗ, "ನ್ಯೂಟ್ರಲ್‌ಗೆ ಹಾಕಿದ್ಯಾ?" ಎಂದರು. "ಹೂಂ ರೀ," ಎಂದುಬಿಟ್ಟೆ. ಹಾಕಿರಲಿಲ್ಲ, ಬೈಕ್ ಇನ್ನೂ ಗೇರಿನಲ್ಲೇ ಇತ್ತು; ನ್ಯೂಟ್ರಲ್ ತೋರಿಸುವ ಹಸಿರು ದೀಪ ಹೊತ್ತಿರಲಿಲ್ಲ.

ಅವರು ಇಳಿದು, ಚಕ್ರಕ್ಕೂ ಗೇಟಿಗೂ ನಡುವೆ ನನಗೆ ಬೆನ್ನು ಹಾಕಿ ನಿಂತು, ತುಕ್ಕು ಹಿಡಿದ ಚಿಲಕದ ಜೊತೆ ಗುದ್ದಾಡತೊಡಗಿದರು. ಕ್ಲಚ್ ಹಿಡಿದ ನನ್ನ ಬೆರಳುಗಳು ಬೆವರಿಗೆ ಜಾರುತ್ತಿದ್ದವು. ಬಿಟ್ಟರೆ ಬೈಕ್ ನೇರ ಅವರ ಮೇಲೆ. ಬಲಗೈ ಹೆಬ್ಬೆರಳಿಗೆ ಕೆಂಪು ಸ್ವಿಚ್ ಸಿಕ್ಕಿತು. ಒತ್ತಿದೆ. ಎಂಜಿನ್ ನಿಂತಿತು.

"ಯಾಕೆ ಆಫ್ ಮಾಡ್ದೆ?"

"ಅತ್ತೆ ಮಲಗಿರ್ತಾರಲ್ಲ, ಸದ್ದು ಬೇಡ ಅಂತ."

ಇನ್ನೊಂದು ಸುಳ್ಳು! ರಾತ್ರಿ ಊಟಕ್ಕೆ ಕೂತಾಗ ಇವರು ಅದನ್ನೇ ಅತ್ತೆಗೆ ಹೆಮ್ಮೆಯಿಂದ ಹೇಳಿದರು. "ನೀನು ಇಷ್ಟು ವರ್ಷದಲ್ಲಿ ಒಂದಿನ ಹಾಗೆ ಮಾಡಿದೀಯೇನೋ?" ಎಂದು ಅತ್ತೆ ಮಗನನ್ನೇ ಛೇಡಿಸಿ, ನನಗೆ ಇನ್ನಷ್ಟು ಬಡಿಸಿದರು.

ಈಗ ಪಕ್ಕದಲ್ಲಿ ಮಲಗಿದ್ದಾರೆ. ಮೊಣಕಾಲುಗಳು ಹೊದಿಕೆಯ ಹೊರಗಿವೆ, ಒಂದು ಗೀರೂ ಇಲ್ಲ. ನಿದ್ದೆಗಣ್ಣಲ್ಲೇ, "ಏನೇ ಬರೀತಿದೀಯಾ?" ಎನ್ನುತ್ತಿದ್ದಾರೆ. ಓದಿ ಅಂತ ಈ ಪುಟವನ್ನೇ ಕೊಟ್ಟುಬಿಡುತ್ತೇನೆ.