ಲಿಂಗಮ್ಮನ ಗೆರೆ

16 ಜೂನ್ 2003, ಸೋಮವಾರ. ಗೂಡಲೂರು

ಮಳೆ. ಹನ್ನೊಂದಕ್ಕೆ ಕರೆಂಟು ಹೋಯಿತು, ಒಂದೂವರೆಗೆ ಬಂತು. ಕರೆಂಟಿನಲ್ಲಿ ರಕ್ತ ಓಡಿಸುವ ಸ್ಟ್ರಿಪ್ ಹಾಳು. ಮತ್ತೆ ಮೊದಲಿಂದ. ಎಂಟು ಸ್ಯಾಂಪಲ್, ಎರಡು ಹಳದಿ.

ನಮ್ಮ ಆಸ್ಪತ್ರೆಯ ಡಾ. ಪಂಕಜಂ ಹೇಳಿದರು, ಮಷೀನ್ ಮುಂದಿನ ವಾರ ಬರುತ್ತದಂತೆ. ಎಚ್‌ಪಿಎಲ್‌ಸಿ. ಯಾವ ಹಿಮೋಗ್ಲೋಬಿನ್ ಎಷ್ಟು ನಿಮಿಷಕ್ಕೆ ಹೊರಬಂತು, ಎಷ್ಟು ಪರ್ಸೆಂಟ್, ಎಲ್ಲ ಪ್ರಿಂಟ್ ಆಗಿ ಬರುತ್ತದಂತೆ. ಬರಲಿ. ಸ್ಟ್ರಿಪ್ಪಿನ ಮೇಲೆ ಎಲ್ಲರ ಹಿಮೋಗ್ಲೋಬಿನ್ ಮುಂದೆ ಓಡುತ್ತದೆ, ಸಿಕಲ್ ಸೆಲ್ ಕಾಯಿಲೆಯದು ಹಿಂದೆ ಉಳಿಯುತ್ತದೆ. ಇಷ್ಟು ನೋಡಲು ನನ್ನ ಕಣ್ಣು ಸಾಲದೆ? ಇಪ್ಪತ್ತೆರಡು ವರ್ಷ ಇದನ್ನೇ ನೋಡಿದ ಕಣ್ಣು.

ನಮ್ಮ ಆರೋಗ್ಯ ಕಾರ್ಯಕರ್ತೆ ಲಿಂಗಮ್ಮ ಮಾವನಲ್ಲ ಹಾಡಿಯಿಂದ ರಕ್ತದ ಟ್ಯೂಬು ತಂದಳು, ಸೆರಗಿನಲ್ಲಿ ಸುತ್ತಿ. ತಾನು ತೊಪ್ಪೆ, ಟ್ಯೂಬು ಒಣಗಿದೆ. ಅಲ್ಲೊಂದು ಜೋಡಿ ಮದುವೆಗೆ ಹಟ ಹಿಡಿದಿತ್ತಂತೆ, ಇಬ್ಬರೂ ಹಳದಿ. ಕಾಯಿಲೆಯ ಅರ್ಧ ಪಾಲು ಹೊತ್ತವರಿಗೆ ನಾವು ಕೊಡುವುದು ಹಳದಿ ಕಾರ್ಡ್. ಹಳದಿ-ಹಳದಿ ಸೇರಿದರೆ ಮಗುವಿಗೆ ಪೂರ್ತಿ ಕಾಯಿಲೆ ಬರಬಹುದು. ಈಗ ಕುರುಂಬರ ಹಾಡಿಗಳಲ್ಲಿ ಹೆಣ್ಣು ಕೇಳುವ ಮೊದಲು ಕಾರ್ಡ್ ಕೇಳುತ್ತಾರೆ. ಲಿಂಗಮ್ಮ ಎಂದಿನಂತೆ ತನ್ನ ಕಾರ್ಡನ್ನೇ ತೆಗೆದು ತೋರಿಸಿದಳಂತೆ. "ನಾನೇ ಬಿಟ್ಟಿದ್ದೀನಿ, ನಿಮಗೆ ಬಿಡಕ್ಕಾಗಲ್ವಾ ಅಂದೆ ಸಾರ್." 97ರಲ್ಲಿ ಅವಳಿಗೆ ಗೊತ್ತಾಗಿದ್ದ ಗಂಡು ಬೊಮ್ಮನೂ ಹಳದಿ. ಅವಳೇ ಹೋಗಿ ಬೇಡ ಎಂದು ಬಂದವಳು. ಆಮೇಲೆ ಯಾರನ್ನೂ ಮದುವೆಯಾಗಲಿಲ್ಲ. ಬೊಮ್ಮನಿಗೆ ಈಗ ಮಸಿನಗುಡಿಯಲ್ಲಿ ಎರಡು ಮಕ್ಕಳು.

24 ಜೂನ್, ಮಂಗಳವಾರ

ಮಷೀನ್ ಕೂರಿಸಿದರು. ಕಂಪನಿಯ ರಂಗನಾಥನ್ ಬಂದಿದ್ದ, ಟೈ ಕಟ್ಟಿಕೊಂಡು, ಈ ಮಳೆಯಲ್ಲಿ. ಖಾತ್ರಿ ಇರುವ ಸಿಕಲ್ ಸ್ಯಾಂಪಲ್ ಒಂದು ಬೇಕು ಎಂದ. ಲಿಂಗಮ್ಮ ಆಗಲೇ ತೋಳು ಮಡಿಸಿದ್ದಳು. "ನಂದೇ ತಗಳ್ಳಿ ಸಾರ್. ನಿಮ್ಮ ಸ್ಟ್ರಿಪ್ಪಲ್ಲಿ ಮೊದಲನೇ ಗೆರೆ ಯಾವಾಗ್ಲೂ ನಂದೇ ಅಲ್ವಾ."

ನಿಜ. ಆರು ವರ್ಷದಿಂದ ಪ್ರತಿ ಸ್ಟ್ರಿಪ್ಪಿನ ಮೊದಲ ಗೆರೆ ಅವಳ ರಕ್ತ. ಉಳಿದವರನ್ನು ಅದರ ಪಕ್ಕ ಇಟ್ಟು ಓದುತ್ತೇನೆ.

ಒಂದು ಸ್ಯಾಂಪಲ್‌ಗೆ ಆರೂವರೆ ನಿಮಿಷ. ಗ್ರಾಫಿನಲ್ಲಿ ಅವಳ ಶಿಖರ ಸಿಕಲ್ ಬರಬೇಕಾದ ಹೊತ್ತಿಗೆ ಬರಲಿಲ್ಲ. ಕೆಲವು ಸೆಕೆಂಡು ತಡ. ಮತ್ತೆ ಹಾಕಿದರು. ಮತ್ತೆ ಅಲ್ಲೇ. ನಿನ್ನೆಯ ಇನ್ನೊಂದು ಹಳದಿ ಸ್ಯಾಂಪಲ್ ಹಾಕಿದರು — ಕರಾರುವಾಕ್ಕಾಗಿ ಸಿಕಲ್ ಜಾಗದಲ್ಲೇ ಬಂತು.

ಮಷೀನ್ ಸರಿಯಿಲ್ಲ ಎಂದು ಕೂಗಾಡಿದೆ. ಎಲ್ಲರ ಮುಂದೆ. ಲಿಂಗಮ್ಮ ನನ್ನ ಪರ ನಿಂತಳು. ಮಷೀನಿಗೇನು ಗೊತ್ತು, ಸಾರ್ ನೋಡಿದ್ದಾರಲ್ಲ ಎಂದಳು.

25 ಜೂನ್, ಬೆಳಿಗ್ಗೆ 7

ಯಾರೂ ಬರುವ ಮೊದಲು ಬಂದೆ. 97ರ ರಿಜಿಸ್ಟರ್ ತೆಗೆದೆ. ಜುಲೈ. ಲಿಂಗಮ್ಮ. ಸ್ಟ್ರಿಪ್: ಹಿಂದೆ ಉಳಿದಿದೆ. ಪುಡಿ ಟೆಸ್ಟ್: +. ನನ್ನದೇ ಅಕ್ಷರ.

ಬರೆದೇ ಬಿಡುತ್ತೇನೆ. ಆ ಟೆಸ್ಟ್ ಮಾಡಿರಲಿಲ್ಲ. ಸ್ಟ್ರಿಪ್ಪಿನಲ್ಲಿ ಸಿಕಲ್‌ನಂತೆಯೇ ಹಿಂದೆ ಉಳಿಯುವ ಬೇರೆ ಹಿಮೋಗ್ಲೋಬಿನ್‌ಗಳೂ ಇವೆ, ಅದಕ್ಕೇ ಪುಡಿ ಹಾಕಿ ನೋಡಬೇಕು ಎಂದು ಕಲಿತವನೇ ನಾನು. ಮಳೆಗಾಲದಲ್ಲಿ ಪುಡಿ ಗಟ್ಟಿಯಾಗಿಬಿಡುತ್ತದೆ ಇಲ್ಲಿ. ಹೊಸ ಡಬ್ಬಿ ಬರುವ ತನಕ ಕಾಯಬೇಕಿತ್ತು. ಗೆರೆ ಕಂಡಾಯಿತಲ್ಲ, ಇನ್ನೇನು ಎಂದುಕೊಂಡೆ. ರಿಜಿಸ್ಟರಿನಲ್ಲಿ ಖಾಲಿ ಮನೆ ಚೆನ್ನಾಗಿ ಕಾಣುವುದಿಲ್ಲವೆಂದು + ಹಾಕಿದೆ.

ಈಗ ಮಾಡಿದೆ. ನಿನ್ನೆಯ ಅವಳ ರಕ್ತ, ಹೊಸ ಪುಡಿ. ಸಿಕಲ್ ಆದರೆ ದ್ರಾವಣ ಮಬ್ಬಾಗಬೇಕು, ಟ್ಯೂಬಿನ ಹಿಂದೆ ಹಿಡಿದ ರೂಲ್ ಕಾಗದ ಕಾಣಬಾರದು. ಐದು ನಿಮಿಷ. ಒಂದೊಂದು ಗೆರೆಯೂ ಕಾಣಿಸಿತು.

ಥೂ.

11 ಜುಲೈ, ಶುಕ್ರವಾರ

ಡಾಕ್ಟರು ಸ್ಯಾಂಪಲ್ಲನ್ನು ದೊಡ್ಡ ಲ್ಯಾಬಿಗೆ ಕಳಿಸಿದ್ದರು, ಮಾಸ್ ಸ್ಪೆಕ್ಟ್ರೋಮೆಟ್ರಿಗೆ. ಪ್ರೋಟೀನನ್ನು ತುಂಡು ಮಾಡಿ ಒಂದೊಂದು ತುಂಡನ್ನೂ ತೂಗುತ್ತಾರಂತೆ. ರಿಪೋರ್ಟ್ ಬಂತು. ಸಿಕಲ್ ಅಲ್ಲ. ಬದಲಾಗಿರುವುದು ಹಿಮೋಗ್ಲೋಬಿನ್ನಿನ ಬೇರೆ ಸರಪಳಿ, ಬೇರೆ ಕೊಂಡಿ. ಯಾವ ತೊಂದರೆಯೂ ಇಲ್ಲದ್ದು. ಬೊಮ್ಮನನ್ನೇ ಕಟ್ಟಿಕೊಂಡಿದ್ದರೂ ಮಕ್ಕಳಿಗೆ ಕಾಯಿಲೆ ಬರುತ್ತಿರಲಿಲ್ಲ.

ಹಾಗಾದರೆ ಪುಡಿ ಟೆಸ್ಟ್ ಪಾಸಿಟಿವ್ ಬಂದದ್ದು ಹೇಗೆ ಎಂದು ಡಾಕ್ಟರು ಕೇಳಿದರು. ಪುಡಿ ಕೆಟ್ಟಿರಬೇಕು ಎಂದೆ. ನಾಲಿಗೆ ತಡವರಿಸಲೂ ಇಲ್ಲ. ಲಿಂಗಮ್ಮನಿಗೆ ನೀವೇ ಹೇಳಿ, ಅವಳು ನಂಬುವುದು ನಿಮ್ಮನ್ನು ಎಂದರು.

14 ಜುಲೈ

ಹೇಳಲಿಲ್ಲ. ಬೆಳಿಗ್ಗೆ ಜೇನು ತಂದುಕೊಟ್ಟಳು, ನನ್ನ ಕೆಮ್ಮಿಗೆ. ತನ್ನ ರಿಪೋರ್ಟ್ ಏನಾಯಿತು ಎಂದಳು. ಇನ್ನೂ ಬಂದಿಲ್ಲ ಎಂದೆ. ಸರಿ ಎಂದು ಕ್ಯಾಂಪಿಗೆ ಹೊರಟಳು. ಆ ಕಾರ್ಡ್ ಹಿಡಿದುಕೊಂಡು. ಅಲ್ಲಿ ಇನ್ನೊಂದು ಹುಡುಗಿಗೆ ಅದನ್ನೇ ತೋರಿಸುತ್ತಾಳೆ.

ಜೇನು ಮುಟ್ಟಲಾಗಲಿಲ್ಲ. ನಾಚಿಕೆಗೆಟ್ಟವನು ನಾನು.

19 ಜುಲೈ, ಶನಿವಾರ. ಸಂಜೆ 4

ಹೇಳಿದೆ. ನಿಂತುಕೊಂಡೇ ಹೇಳಿದೆ, ಕೂರಲು ಧೈರ್ಯ ಬರಲಿಲ್ಲ. ಸಿಕಲ್ ಅಲ್ಲ, ಯಾವತ್ತೂ ಆಗಿರಲಿಲ್ಲ ಎಂದೆ.

ಅವಳು ಸ್ಟ್ರಿಪ್ಪಿನ ಟ್ಯಾಂಕಿನ ಮುಚ್ಚಳ ಸರಿಮಾಡಿದಳು. ಆಮೇಲೆ — "ಆ ಪುಡಿ ಹಾಕಿ ನೋಡದು... ಅವತ್ತು ನೋಡಿದ್ರಾ ಸಾರ್?"

ಪುಡಿ ಕೆಟ್ಟಿತ್ತು ಎಂಬ ಮಾತು ಬಾಯಿವರೆಗೆ ಬಂತು. ನುಂಗಿದೆ. ಇಲ್ಲ ಎಂದೆ.

ಅಳಲಿಲ್ಲ. ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಕಾರ್ಡ್ ತೆಗೆದು ಮೇಜಿನ ಮೇಲೆ ಇಟ್ಟಳು. ಮೂಲೆ ಸವೆದು ಬಟ್ಟೆಯಂತಾಗಿದೆ, ಅಷ್ಟು ಜನರಿಗೆ ತೋರಿಸಿದ್ದಾಳೆ.

"ನಂದು ಬಿಡಿ. ಪುಡಿ ಹಾಕ್ದೆ ಇನ್ನೆಷ್ಟು ಜನಕ್ಕೆ ಬರೆದಿದ್ದೀರಾ?"

ಗೊತ್ತಿಲ್ಲ. ಆರು ಮಳೆಗಾಲ. ಎಲ್ಲ + ಒಂದೇ ಥರ ಇವೆ. ಯಾವುದು ಮಾಡಿದ್ದು, ಯಾವುದು ಬರೆದದ್ದು — ನನಗೇ ತಿಳಿಯುವುದಿಲ್ಲ.

ಅವಳೇ ಸ್ಟೂಲ್ ಎಳೆದು ಕೂತಳು. ರಿಜಿಸ್ಟರ್ ನನ್ನ ಮುಂದೆ ತಳ್ಳಿದಳು. ಹೆಸರು ನಾನು ಓದಬೇಕು, ಯಾರ ಮನೆ, ಮದುವೆ ಆಯಿತೋ ನಿಂತಿತೋ ಅವಳು ಹೇಳುತ್ತಾಳೆ. ಬೇರೆ ಕಾಗದ ಸಿಗಲಿಲ್ಲ, ಈ ಡೈರಿಯಲ್ಲೇ ಬರೆದುಕೊಳ್ಳುತ್ತಿದ್ದೇನೆ. ಎಲ್ಲರ ರಕ್ತವನ್ನೂ ಮತ್ತೆ ತರಬೇಕು, ತಾನೇ ಹೋಗಿ ಕೇಳುತ್ತೇನೆ ಎಂದಳು. ಏನೆಂದು ಕೇಳುತ್ತಾಳೆ?

ಜುಲೈ 97, ಪುಟ 14. ಮೊದಲನೆಯದು ಅವಳದೇ. ಓದಿಸಿದಳು. "ನಿಂತೋಯ್ತು ಅಂತ ಬರೀರಿ" ಎಂದಳು. ಬರೆದೆ.

ಎರಡನೆಯದು, ಕೇತಿ, ಬೊಕ್ಕಾಪುರ. ನಿಂತುಹೋಯಿತು.

ಮೂರನೆಯದು —