ಬಲಗಡೆಯ ಪೈಪು

೯ ಜನವರಿ ೨೦೧೨, ಸೋಮವಾರ

ಇಡ್ಲಿ ಬೇಗ ಖಾಲಿ. ಬನ್ಸ್ ಸ್ವಲ್ಪ ಉಳಿದಿತ್ತು, ನಾನೇ ತಿಂದೆ. ಜಲಜ ನೋಡಿದಳು. ನನ್ನ ಹೆಂಡತಿ ಬೈದರೆ ತಡೆದುಕೊಳ್ಳಬಹುದು, ಬೈಯದೆ ನೋಡಿದರೆ ಕಷ್ಟ.

ಹತ್ತರ ಬಸ್ಸಿಗೆ ಬ್ರಹ್ಮಾವರದಿಂದ ಒಬ್ಬರು ಮೇಷ್ಟ್ರು ಬಂದರು. ಯೋಗೀಶ್ ಅಂತ. ಟೀ ಕುಡಿದು, ಗ್ಲಾಸು ಕೆಳಗಿಟ್ಟು, "ನಿಮ್ಮ ಹತ್ರ ಒಂದು ವಿಮಾನ ಉಂಟಂತೆ, ಹೌದಾ?" ಕೇಳಿದರು. ಬಸ್ರೂರಿನ ಈ ಕ್ಯಾಂಟೀನಿನಲ್ಲಿ ಯಾರೂ ಆ ಪ್ರಶ್ನೆ ಕೇಳದೆ ಕಾಲವಾಗಿತ್ತು. ಪಕ್ಕದ ಬೆಂಚಿನ ಚಂದಯ್ಯನಿಗೆ ಟೀ ನೆತ್ತಿಗೇರಿತು.

ಉಂಟು. ಹಿಂದಿನ ಹೆಂಚಿನ ಕಾರ್ಖಾನೆ ಮುಚ್ಚಿದೆಯಲ್ಲ, ಅದರ ಶೆಡ್ಡಿನಲ್ಲಿ. ಎರಡು ಸೀಟಿನದ್ದು, ಬಟ್ಟೆಯ ರೆಕ್ಕೆ. ಎಡಕ್ಕೆ ವಾಲಿ ಟರ್ಪಾಲು ಹೊದ್ದು ಕೂತಿದೆ.

ಫೆಬ್ರವರಿ ನಾಲ್ಕಕ್ಕೆ ಶಾಲೆಯ ವಾರ್ಷಿಕೋತ್ಸವ, ಅದಕ್ಕೆ ಬೇಕಂತೆ. ಹಾರಿಸುವುದು ಬೇಡ. ಒಂದೊಂದೇ ಮಗುವನ್ನು ಹಿಂದೆ ಕೂರಿಸಿಕೊಂಡು ಮೈದಾನದಲ್ಲಿ ಒಂದು ಸುತ್ತು ಓಡಿಸಿದರೆ ಸಾಕು. ಆಗುವುದಿಲ್ಲ ಅನ್ನಲು ಬಾಯಿ ತೆರೆದೆ... ಆಯ್ತು ಅಂದೆ.

ಸೀನನಿಗೆ ಫೋನ್ ಮಾಡಬೇಕು. ಅದಕ್ಕೆ ಸ್ಪ್ಯಾನರ್ ಹಾಕಿದವನು ಅವನೊಬ್ಬನೇ.

೧೧ ಜನವರಿ, ಸಂಜೆ

ಸೀನ ಬಂದ. ಕೋಡಿಯಿಂದ, ಅದೇ ಹಳೇ ಸ್ಕೂಟರ್. ನನ್ನ ಸಂಗಡ ಮೂರನೇ ಕ್ಲಾಸಿನಿಂದ ಬೆಂಚು ಹಂಚಿಕೊಂಡವನು. ದೋಣಿ ಎಂಜಿನ್ ರಿಪೇರಿಯಲ್ಲಿ ಕುಂದಾಪುರದ ಆಚೀಚೆ ಅವನದೇ ಹೆಸರು. ಶೆಡ್ಡಿನ ಬಾಗಿಲಿನಿಂದಲೇ ಶುರು ಮಾಡಿದ.

"ಹ್ವಾಯ್ ಪೈಲಟ್ರೆ! ಈ ಸಲ ಆದ್ರೂ ಮೆಲ್ಲ ಇಳ್ಸ್ತ್ಯಾ? ಅಲ್ಲ, ಆವತ್ತ್ ಇಳ್ಸ್ದಂಗೆ ತೆಂಗಿನ್ಕಾಯಿ ಬಿದ್ದಂಗಾ?"

"ಬಾಯಿ ಮುಚ್ಚ್" ಅಂದೆ. ಇಷ್ಟು ವರ್ಷದಲ್ಲಿ ಇದನ್ನೇ ಎಷ್ಟು ಮದುವೆಮನೆಗಳಲ್ಲಿ, ಎಷ್ಟು ಬಸ್‌ಸ್ಟಾಂಡುಗಳಲ್ಲಿ ಹೇಳಿದ್ದಾನೋ. ಜನ ನಗುತ್ತಾರೆ, ನಾನೂ ನಗುತ್ತೇನೆ.

ಟರ್ಪಾಲು ತೆಗೆದೆವು. ಇಲಿ ಸೀಟು ತಿಂದಿದೆ. ಎಂಜಿನ್ ತಿರುಗುತ್ತದೆ! ಎಡಗಡೆ ಚಕ್ರ ಹೊರುವ ಪೈಪು ಇಲ್ಲವೇ ಇಲ್ಲ, ಅದು ಆವತ್ತು ಬಿದ್ದಾಗಲೇ ತುಂಡಾಗಿ ಹೋದದ್ದು. ಬಲಗಡೆಯದು ಹಾಗೇ ಇದೆ, ಕಪ್ಪಗೆ, ಮಿರಮಿರ. ಸೀನ ಅದನ್ನೂ ಬಿಚ್ಚಿ ಸ್ಕೂಟರಿಗೆ ಕಟ್ಟಿದ. ಅದರ ಅಳತೆಗೆ ಎಡಗಡೆಗೆ ಹೊಸತು ಮಾಡುತ್ತಾನಂತೆ.

ಸ್ಕೂಟರು ತಿರುವು ದಾಟುವ ತನಕ ಆ ಪೈಪನ್ನೇ ನೋಡುತ್ತಿದ್ದೆ.

೧೨ ಜನವರಿ

ಬೆಳಿಗ್ಗೆಯಿಂದ ತಲೆ ತೊಂಬತ್ತೆಂಟನೇ ಇಸವಿಯಲ್ಲೇ ಇದೆ. ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ.

ಬೊಂಬಾಯಿಯಲ್ಲಿ ಫ್ಲೈಯಿಂಗ್ ಕ್ಲಬ್ಬಿನ ಕ್ಯಾಂಟೀನು ನಡೆಸುತ್ತಿದ್ದೆ. ಅಲ್ಲಿನ ಒಬ್ಬ ಮುದುಕ ಇನ್‌ಸ್ಟ್ರಕ್ಟರಿಗೆ ನನ್ನ ಬನ್ಸ್ ಅಂದರೆ ಪ್ರಾಣ. ಬನ್ಸ್ ತಿಂದು ತಿಂದೇ ನನಗೆ ಹಾರಿಸುವುದು ಕಲಿಸಿದ. ತೊಂಬತ್ತೇಳರಲ್ಲಿ ಈ ವಿಮಾನವನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಲಾರಿಯಲ್ಲಿ ಊರಿಗೆ ತಂದೆ. ಲಾರಿಯಿಂದ ಇಳಿಸುವಾಗ ಯಾರೋ ಕೇಳಿದರು, ಶಾಮಿಯಾನ ಯಾರ ಮನೆಗೆ ಅಂತ.

ಬೈಂದೂರು ಬದಿಯ ಮುರಕಲ್ಲಿನ ಗಟ್ಟಿ ಕೆಂಪು ಬಯಲಿನಿಂದ ಹಾರಿಸುತ್ತಿದ್ದೆ. ಕೊಲ್ಲೂರಿಗೆ ಬಂದ ಯಾತ್ರಿಕರು ದರ್ಶನ ಮುಗಿಸಿ ಜೀಪಿನಲ್ಲಿ ಬರುತ್ತಿದ್ದರು, ಹಣೆಯ ಕುಂಕುಮ ಇನ್ನೂ ಹಸಿ. ಒಬ್ಬೊಬ್ಬರನ್ನೇ ಹಿಂದೆ ಕೂರಿಸಿಕೊಂಡು ಸಮುದ್ರದ ಮೇಲೆ ಒಂದು ಸುತ್ತು. ಒಬ್ಬಳು ಅಜ್ಜಿ, ಕೇರಳದವಳು, ಹತ್ತಿದವಳು ಕಣ್ಣು ಮುಚ್ಚಿ ದೇವರ ನಾಮ ಹೇಳಿಕೊಂಡೇ ಇದ್ದಳು. ಇಳಿಸಿದ ಮೇಲೆ ಕಣ್ಣು ಬಿಟ್ಟು, ಇನ್ನು ಯಾವಾಗ ಹೊರಡುವುದು ಅಂದಳು. ಮತ್ತೆ ಹಾರಿಸಿದೆ!

ಮರವಂತೆಯಲ್ಲಿ ಒಂದು ಕಡೆ ನದಿ, ಒಂದು ಕಡೆ ಕಡಲು, ನಡುವೆ ಒಂದೆಳೆ ರಸ್ತೆ. ಬಲೆ ಎಳೆಯುವವರು ಕೈ ಬೀಸುತ್ತಿದ್ದರು. ಕೆಳಗೆ ಬಯಲಿನಲ್ಲಿ ಸೀನ ಟವೆಲ್ ಹಿಡಿದು ನಿಂತಿರುತ್ತಿದ್ದ, ಗಾಳಿ ಯಾವ ಕಡೆ ಅಂತ ತೋರಿಸಲಿಕ್ಕೆ. ಇಳಿದ ಕೂಡಲೇ ಮೊದಲು ಚಕ್ರ ಮುಟ್ಟುತ್ತಿದ್ದ, ಆಮೇಲೆ ನನ್ನ ಬೆನ್ನು. ಅಷ್ಟು ಸುಖವಾಗಿ ಮತ್ತೆಂದೂ ಇರಲಿಲ್ಲ ನಾನು. ಬರೆದುಬಿಡುತ್ತೇನೆ, ಯಾರು ಓದುತ್ತಾರೆ.

೧೭ ಜನವರಿ, ಮಧ್ಯಾಹ್ನ

ಯಾರಿಗೂ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ.

ಉಪ್ಪುಗಾಳಿ ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ. ಪೈಪಿನ ಬಣ್ಣ ಆಗಾಗ ಕೆರೆದು, ಬರಿ ಕಬ್ಬಿಣ ಮಾಡಿ, ಬಿರುಕು ಉಂಟೋ ಅಂತ ನೋಡಬೇಕು ಅಂತ ಕ್ಲಬ್ಬಿನಲ್ಲಿ ಹೇಳಿಕೊಟ್ಟಿದ್ದರು. ಸೀನ ಒಪ್ಪಲಿಲ್ಲ. ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ ತಂದ. "ಅಜ್ಜನ್ ಕಾಲದ್ದ್ ಮರವೇ ಹಾಳಾಯ್ಲಿಲ್ಲೆ, ಇದ್ ಹಾಳಾತ್ತಾ?" ಅಂದ. ಎರಡೂ ಪೈಪಿಗೆ ಕೈ ಮೇಲೆ ಕೈ ಬಳಿದ. ಮಿರಮಿರ ಮಿಂಚಿತು. ನನಗೂ ಚೆಂದವೇ ಕಂಡಿತು. ದಪ್ಪ ಕಪ್ಪು ಪದರ — ಅದರ ಅಡಿಯಲ್ಲಿ ಏನಾಗುತ್ತಿದೆ ಅಂತ ಯಾರಿಗೆ ಕಾಣಬೇಕು?

ತೊಂಬತ್ತೊಂಬತ್ತರ ಮಾರ್ಚ್. ಹಿಂದೆ ಯಾರೂ ಇರಲಿಲ್ಲ, ದೇವರು ದೊಡ್ಡವನು. ಮೆಲ್ಲನೆಯೇ ಇಳಿಸಿದೆ. ಹೂವಿನ ಹಾಗೆ ಇಳಿಸಿದೆ. ಎಡಗಡೆ ಪೈಪು ತುಂಡಾಯಿತು, ಮಗುಚಿತು, ನನ್ನ ಎಡಗಾಲೂ ಮುರಿಯಿತು. ಬಿದ್ದಲ್ಲಿಂದಲೇ ಕಂಡೆ. ಪೈಪು ಮುರಿದ ಜಾಗದಲ್ಲಿ ಅರ್ಧ ಹೊಸದಾಗಿ ಹೊಳೆಯುತ್ತಿತ್ತು, ಅರ್ಧ ಹಳೇ ತುಕ್ಕು. ಅಂದರೆ ಅರ್ಧ ಮೊದಲೇ ಸೀಳಿತ್ತು.

ಆಗ ಸೀನನ ಮಗಳು ಸುಗಂಧಿಗೆ ಗಂಡು ನಿಶ್ಚಯವಾಗಿ ವಾರವಾಗಿತ್ತಷ್ಟೆ. ಅವನ ಕೆಲಸದಿಂದ ಮನುಷ್ಯನ ಕಾಲು ಹೋಯಿತು ಅಂತಾದರೆ ಯಾವ ದೋಣಿಯವನು ಅವನನ್ನು ಎಂಜಿನ್ ಮುಟ್ಟಲು ಬಿಡುತ್ತಾನೆ? ವಿಚಾರಣೆಗೆ ಬಂದ ಸಾಹೇಬರಿಗೆ, ನಾನೇ ಜೋರಾಗಿ ಇಳಿಸಿದೆ ಅಂದೆ. ತುಂಡನ್ನು ಜಲಜನ ಕೈಯಿಂದ ಗುಜರಿಗೆ ಹಾಕಿಸಿದೆ. ಸೀನನಿಗೂ ಅದನ್ನೇ ಹೇಳಿದೆ. ನಂಬಿದ, ಕಾಲೆಳೆಯಲು ಶುರು ಮಾಡಿದ. ಎಳೆಯಲಿ, ನನಗೇನು.

ಆದರೆ ಬಲಗಡೆಯದೂ ಅದೇ ವಯಸ್ಸಿನದು. ಅದೇ ಎಣ್ಣೆ, ಅದೇ ಮುರಕಲ್ಲು. ಈಗ ಅದರ ಮೇಲೆ ಮಕ್ಕಳು ಕೂರುತ್ತಾರೆ. ಕೆರೆದು ನೋಡು ಸೀನ — ಇಷ್ಟೇ ಹೇಳಬೇಕಾದ್ದು. ಹೇಳಿದರೆ ಎಂತಕೆ ಅನ್ನುತ್ತಾನೆ, ಆಗ ಎಡಗಡೆಯದರ ಕಥೆಯೂ ಹೇಳಬೇಕಾಗುತ್ತದೆ.

೧೮ ಜನವರಿ

ಕೋಡಿಗೆ ಹೋದೆ, ಜೇಬಿನಲ್ಲಿ ಪಾಲಿಶ್ ಪೇಪರ್. ಸೀನ ಊಟಕ್ಕೆ ಹೋದ ಹೊತ್ತು ನೋಡಿ ನಾನೇ ಕೆರೆಯುವುದು ಅಂತ. ಕಳ್ಳನ ಹಾಗೆ ಗ್ಯಾರೇಜು ಹೊಕ್ಕೆ. ಬೆಂಚಿನ ಮೇಲೆ ಹೊಸ ಪೈಪು ಒಂದೇ ಇತ್ತು. ಹಳೆಯದು ಇಲ್ಲ. ಬಗ್ಗಿ ಬೆಂಚಿನಡಿ ನೋಡಲು ಹೋದವನು ಈ ಎಡಗಾಲು ಊರಿ ಏಳಲಿಕ್ಕಾಗದೆ ಅಲ್ಲೇ ಕೂತುಬಿಟ್ಟೆ.

"ಎಂತ ಹುಡ್ಕ್ತೆ ಮಾರಾಯ?" ಸೀನ. ಕೈಯಲ್ಲಿ ಮೀನಿನ ವಾಸನೆ.

"ಬಲಗಡೆದ್ ಎಲ್ಲಿತ್ತ್?"

"ಒಳ್ಗಿತ್ತ್. ನೀ ಸುಮ್ನೆ ಮನೆಗ್ ಹೋಯ್ಕಂಡ್ ಬನ್ಸ್ ಕಾಯ್ಸ್."

ಕೈಕೊಟ್ಟು ಎಬ್ಬಿಸಿದ. ಬಸ್ಸಿನಲ್ಲಿ ಬರುತ್ತ ನನ್ನ ಮೇಲೇ ಸಿಟ್ಟು ಬಂತು.

೨೯ ಜನವರಿ, ಭಾನುವಾರ

ಹತ್ತು ದಿನ ಬರೆಯಲಿಲ್ಲ. ಬರೆಯಲು ಏನಿತ್ತು, ಫೋನ್ ಮಾಡಿದ್ದು, ಇಟ್ಟದ್ದು.

ಒಂದು ಉಪಾಯ ಹೊಳೆಯಿತು. ಪೈಪಿಗೆ ಶಾಲೆಯ ನೀಲಿ ಬಣ್ಣ ಹೊಡೆಯುವ, ಹಳೇದು ಪೂರ್ತಿ ಕೆರೆದು ಅಂದೆ. ಸೀನ ಫೋನಿನಲ್ಲೇ ನಕ್ಕ. "ಬಣ್ಣ ಹಚ್ಚೂಕ್ ಅದೆಂತ ಮದಿಮಗಳಾ?" ಅಂದ. ಮತ್ತೆ, "ನಿಂಗೆ ಬೇರೆ ಎಂತಾರೂ ಹೇಳುಕಿತ್ತಾ?" ಅಂತ ಕೇಳಿದ. ಇಲ್ಲ ಅಂದೆ. ಸರಿ ಹಂಗಾರೆ ಅಂದು ಫೋನ್ ಇಟ್ಟ.

೨ ಫೆಬ್ರವರಿ

ಮೇಷ್ಟ್ರ ಫೋನ್. ಮೊದಲು ಕೂರುವ ಮಗು ಯಾರು ಅಂತ ಚೀಟಿ ಎತ್ತಿದರಂತೆ. ದೀಕ್ಷಾ. ಸುಗಂಧಿಯ ಮಗಳು, ಸೀನನ ಮೊಮ್ಮಗಳು, ಅದೇ ಶಾಲೆಯಲ್ಲಿ ಓದುತ್ತಾಳೆ. ನನ್ನನ್ನೂ ಅಜ್ಜ ಅಂತಲೇ ಕರೆಯುವವಳು.

ಜಲಜ ನನ್ನ ಮುಖ ನೋಡಿ, "ಹ್ವಾಯ್, ಎಂತ ಆಯ್ತ್ ನಿಮ್ಗೆ? ಬಿಪಿ ಗುಳ್ಗಿ ತಕಂಡ್ರ್ಯಾ?" ಅಂದಳು. ನಾಳೆ ಹೇಳಿಯೇ ಹೇಳುತ್ತೇನೆ.

೩ ಫೆಬ್ರವರಿ, ಸಂಜೆ

ಹೇಳಿದೆ.

ಸೀನ ಒಬ್ಬನೇ ಇದ್ದ. ಕೂರಲೂ ಇಲ್ಲ ನಾನು. "ಬಲಗಡೆ ಪೈಪ್ ಕೆರ್ದ್ ಕಾಣ್ ಸೀನ. ಎಡಗಡೆದ್ ತುಂಡಾದ್ದ್ ನಾ ಜೋರ್ ಇಳ್ಸಿ ಅಲ್ಲ" ಅಂದೆ.

ಸೀನ ಸ್ಪ್ಯಾನರ್ ಕೆಳಗಿಟ್ಟ. ಒಳಗೆ ಹೋಗಿ ಗೋಣಿಯಲ್ಲಿ ಸುತ್ತಿದ್ದನ್ನು ತಂದು ಬಿಚ್ಚಿದ. ಬಲಗಡೆಯ ಪೈಪು. ನಡುವೆ ಕೆರೆದಿತ್ತು. ಕೆರೆದಲ್ಲಿ ಕೂದಲೆಳೆಯಷ್ಟು ಬಿರುಕು, ಅರ್ಧ ಸುತ್ತು ಬಂದಿತ್ತು.

"ತಂದ್ ದಿನವೇ ಕೆರ್ದೆ. ಎರಡೂ ಬದಿಗೆ ಹೊಸ್ತ್ ಮಾಡಿದೆ. ಎಣ್ಣಿ ಗಿಣ್ಣಿ ಎಂತದೂ ಇಲ್ಲೆ, ಬರಿ ಕಬ್ಣ" ಅಂದ.

"ಹಂಗಾರೆ ನಿಂಗೆ..."

"ಆ ದಿನ ಮೊದ್ಲ್ ಓಡಿ ಬಂದದ್ ಯಾರ್? ನಾನ್. ತುಕ್ಕ್ ಕಂಡೆ. ನಿನ್ ಎಲುಬೂ ಕಂಡೆ. ಆಸ್ಪತ್ರೆಗ್ ಬಂದ್ರೆ ನೀ ಎಲ್ಲರೆದ್ರೂ 'ನಾನೇ ಜೋರ್ ಇಳ್ಸ್ದೆ' ಅಂದೆ. ನಂಗೆ ಬಾಯೇ ಬರ್ಲಿಲ್ಲೆ."

"ಮತ್ತೆ ಇಷ್ಟ್ ವರ್ಷ ನನ್ ತಮಾಷಿ ಮಾಡಿದ್ದ್ ಎಂತಕೆ?"

"ಒಂದ್ಸಲ ಆದ್ರೂ ನಿಂಗೆ ಸಿಟ್ಟ್ ಬರ್ಲಿ, ಬೈಲಿ ಅಂದೇಳಿ. ಊರಿಗೆಲ್ಲ ಬೈತೆ ನೀನ್. ಹಾಲ್ ಹಾಕುವನಿಗ್ ಬೈತೆ, ಬಸ್ಸಿನವ್ನಿಗ್ ಬೈತೆ. ನಂಗ್ ಒಬ್ಬಂಗೆ ಬೈಲಿಲ್ಲೆ. ನಾ ಕೆಣ್ಕಿದ್ರೆ ನೀ ನಗಾಡ್ತೆ. ನಿನ್ ನಗಿ ಕಂಡ್ರೆ ನಂಗೆ ಮತ್ತೂ ತಪ್ಪ್ ಮಾಡಿದಂಗ್ ಆತಿತ್ತ್ ಮಾರಾಯ."

ಹೊರಗೆ ದೋಣಿಯೊಂದು ಅಳಿವೆಯ ಕಡೆ ಹೋಗುತ್ತಿತ್ತು. ಸೀನ ಅದನ್ನೇ ನೋಡುತ್ತ ಹೇಳಿದ:

"ನಾಳೆ ದೀಕ್ಷಾನ್ನ ನಿನ್ ಹಿಂದೆ ಕೂರ್ಸುಕ್ ಮೊದ್ಲ್ ನಂಗೆ ಬೈ. ಇಲ್ದಿರೆ ನಂಗೆ ಆ ವಿಮಾನದ್ ಹತ್ರ ನಿಂತ್ಕಂಬುಕೆ ಆತ್ತಿಲ್ಲೆ."

ಬೈಯಲು ನೋಡಿದೆ. ನಾಳೆ ಬೈತೆ ಅಂದು ಬಂದೆ. ಒಬ್ಬನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು ಅವನಿಗೆ ಇಷ್ಟು ವರ್ಷ ಉಸಿರು ಕಟ್ಟಿಸಿದೆನಲ್ಲ. ಯಾವ ಪುಣ್ಯದ ಕೆಲಸ ಮಾಡಿದೆ ಅಂತ ಬೀಗುತ್ತಿದ್ದೆನೋ.

೪ ಫೆಬ್ರವರಿ, ಶನಿವಾರ. ಬೆಳಿಗ್ಗೆ

ಕ್ಯಾಂಟೀನಿಗೆ ರಜೆ. ಸೀನ ಕತ್ತಲೆ ಹರಿಯುವ ಮೊದಲೇ ಬಂದು ಜಗಲಿಯಲ್ಲಿ ನಿಂತಿದ್ದ. ಇಸ್ತ್ರಿ ಅಂಗಿ. ಬೈಸಿಕೊಳ್ಳಲು ಇಸ್ತ್ರಿ ಅಂಗಿ ಹಾಕಿಕೊಂಡು ಬಂದವನನ್ನು ಇವನೊಬ್ಬನನ್ನೇ ಕಂಡದ್ದು.

"ಹ್ಮ್, ಶುರು ಮಾಡ್" ಅಂದ.

ಹಾಲಿನವನಿಗೆ ಬೈಯುವ ಬೈಗುಳವೆಲ್ಲ ನೆನಪು ಮಾಡಿಕೊಂಡೆ. ಒಂದೂ ಇವನಿಗೆ ಹೊಂದಲಿಲ್ಲ. ಕೊನೆಗೆ ಬಾಯಿಂದ ಬಂದದ್ದು ಇಷ್ಟು:

"ನೋವ್ ಆತ್ತ್ ಸೀನ. ಈಗ್ಲೂ ಆತ್ತ್."

ಅವನ ಮುಖ ಸಣ್ಣದಾಯಿತು. ನನ್ನೆದುರು ನೆಲದಲ್ಲಿ ಕೂತ. "ಎಲ್ಲಿ?" ಅಂದ. ಯಾರೂ ಕೇಳಿರಲಿಲ್ಲ ಹಾಗೆ. ಪಂಚೆ ಸರಿಸಿ ತೋರಿಸಿದೆ. ಇಲ್ಲಿ. ಮತ್ತೆ ಇಲ್ಲಿ. ಚಳಿಗೆ ಇಲ್ಲಿಂದ ಮೇಲೆ ಸೊಂಟದ ತನಕ. ತೋರಿಸಿದ ಕಡೆಯೆಲ್ಲ ಕೈಯಿಟ್ಟು ನೋಡಿದ. ಇಬ್ಬರೂ ಅತ್ತೆವು, ನಾಚಿಕೆಯಿಲ್ಲದೆ. ಜಲಜ ಬಂದು ನೋಡಿ ಒಳಗೆ ಹೋದಳು, ಟೀ ತಂದಳು.

ಈಗ ಅಂಗಳದಲ್ಲಿ ಸೀನ, ಹೊಸ ಪೈಪು ಕೂರಿಸಿದ ವಿಮಾನವನ್ನು ಟೆಂಪೋಗೆ ಏರಿಸಿ ಹಗ್ಗ ಬಿಗಿಯುತ್ತಿದ್ದಾನೆ. ಟೆಂಪೋದ ಜೊತೆ ಬಂದ ದೀಕ್ಷಾ ಹಾರನ್ ಒತ್ತಿ ಒತ್ತಿ ಕೊಲ್ಲುತ್ತಿದ್ದಾಳೆ. ಬಂದೆ ಮಾರಾಯ್ತಿ, ಬಂದೆ. ದಾರಿಯಲ್ಲಿ ಸೀನನಿಗೆ ಹೇಳಲು ಇನ್ನೂ ಬೇಕಾದಷ್ಟು ಉಂಟು — ಮೆಟ್ಟಿಲು ಇಳಿಯುವಾಗ ಮೊಣಕಾಲಿನ ಒಳಗಡೆ ಒಂದು ಥರ ಚುಚ್ಚುತ್ತದಲ್ಲ, ಅದು ಹೇಳಬೇಕು, ಮತ್ತೆ ಮಳೆಗಾಲದಲ್ಲಿ ಬೆಳಗಿನ ಹೊತ್ತು ಪಾದ ಊರಲಿಕ್ಕೇ